ಗಣಕಯಂತ್ರವು ಕೊಟ್ಟ ಅನಿರೀಕ್ಷಿತ ಉತ್ತರ

ಭೌತವಿಜ್ಞಾನದಲ್ಲಿ ಸತ್ಯಾನ್ವೇಷಣೆಗೆ ಬಹುಕಾಲ ಎರಡೇ ಮಾರ್ಗಗಳಿದ್ದುವು. ಪ್ರಯೋಗಕಾರನು ಉಪಕರಣಗಳನ್ನು ಹಿಡಿದು ಪ್ರಕೃತಿಯನ್ನೇ ಪ್ರಶ್ನಿಸುವನು. ಸಿದ್ಧಾಂತಿಯು ಕಾಗದ ಲೇಖನಿಗಳೊಡನೆ ಕುಳಿತು ಸಮೀಕರಣಗಳನ್ನು ಬಿಡಿಸುವನು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮೂರನೆಯದೊಂದು ಮಾರ್ಗ ತೆರೆಯಿತು. ಬಿಡಿಸಲು ಬಾರದ ಸಮೀಕರಣವನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಕ್ಷಣಕ್ಷಣದ ಚಲನೆಯನ್ನು ಅಂಕಿಗಳಲ್ಲಿ ಲೆಕ್ಕಹಾಕಿಸಿ, ಪರಿಣಾಮವೇನಾಗುವುದೆಂದು ಕಾದು ನೋಡುವ ಮಾರ್ಗವದು. ಈ ಯಂತ್ರವು ಲೆಕ್ಕದ ಗುಮಾಸ್ತನಾಗಿರುವುದರ ಜೊತೆಗೆ ಪ್ರಯೋಗಶಾಲೆಯೂ ಆಗಬಲ್ಲುದೆಂದು ಮೊದಮೊದಲು ತೋರಿಸಿಕೊಟ್ಟ ಪ್ರಸಂಗಗಳಲ್ಲಿ, ಅಮೆರಿಕದ ಲಾಸ್ ಅಲಮೋಸ್‌ನಲ್ಲಿ 1953-54ರ ಸುಮಾರಿಗೆ ನಡೆದ ಲೆಕ್ಕವೊಂದು ಬಹು ಪ್ರಸಿದ್ಧವಾದುದು.

ಲಾಸ್ ಅಲಮೋಸ್ ಎಂದೊಡನೆ ನೆನಪಾಗುವುದು ಅಣುಬಾಂಬು. ಅಲ್ಲಿ 1952ರಲ್ಲಿ ಕಾರ್ಯಾರಂಭ ಮಾಡಿದ ‘ಮೇನಿಯಾಕ್’ ಎಂಬ ಗಣಕಯಂತ್ರವನ್ನು ಕಟ್ಟಿದುದೂ ಮುಖ್ಯವಾಗಿ ಶಸ್ತ್ರಾಸ್ತ್ರಗಳ ಲೆಕ್ಕಕ್ಕಾಗಿಯೇ. ನಿರ್ವಾತ ನಳಿಗೆಗಳಿಂದ ಕೂಡಿದ ಆ ಯಂತ್ರದ ಸಾಮರ್ಥ್ಯ ಇಂದಿನ ಸಾಧಾರಣ ಮೊಬೈಲಿನ ಮುಂದೆ ಏನೇನೂ ಅಲ್ಲ. ಆದರೆ ಅಂಥ ಯಂತ್ರವೊಂದು ಕೈಗೆ ದೊರೆತಾಗ ಅದನ್ನು ಏನು ಕೇಳಬೇಕೆಂದು ಆಲೋಚಿಸಿದುದರಲ್ಲಿ ಎನ್ರಿಕೊ ಫರ್ಮಿಯವರ ಹಿರಿಮೆ ಕಾಣುತ್ತದೆ. 1938ರ ನೊಬೆಲ್ ಪಾರಿತೋಷಕ ಪಡೆದ ಈ ಮಹಾವಿಜ್ಞಾನಿಯ ಜೊತೆಗೂಡಿದವರು ಪೋಲೆಂಡಿನಿಂದ ಬಂದು ನೆಲಸಿದ್ದ ಗಣಿತಜ್ಞ ಸ್ಟಾನಿಸ್ಲಾ ಉಲಾಮ್ ಮತ್ತು ಜಾನ್ ಪಾಸ್ಟಾ. (ಪಾಸ್ಟಾ ಅವರು ಭೌತವಿಜ್ಞಾನಿಯಾಗುವ ಮುನ್ನ ಕೆಲಕಾಲ ನ್ಯೂಯಾರ್ಕ್ ನಗರದಲ್ಲಿ ಪೊಲೀಸರಾಗಿದ್ದರು!)

ಅವರು ಎತ್ತಿಕೊಂಡ ಪ್ರಶ್ನೆ ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿಯುವಷ್ಟು ಸರಳವಾಗಿದೆ. ಏಕತಾರಿಯನ್ನು ಮೀಟಿದಾಗ ತಂತಿಯು ಇಡಿಯಾಗಿ ಒಂದೇ ಕಮಾನಿನಂತೆ ಬಾಗಿ ಕಂಪಿಸುವುದುಂಟು, ಅದು ಮೂಲಕಂಪನ. ಎರಡು ಭಾಗ, ಮೂರು ಭಾಗಗಳಾಗಿ ಒಡೆದು ಕಂಪಿಸುವುದೂ ಉಂಟು. ಅವು ಮೇಲಣ ಕಂಪನಗಳು. ಫರ್ಮಿ ಮತ್ತು ಸಂಗಡಿಗರು ತಂತಿಯ ಬದಲಾಗಿ, ಸ್ಪ್ರಿಂಗುಗಳಿಂದ ಒಂದಕ್ಕೊಂದು ಬಿಗಿದ ಗುಂಡುಗಳ ಸಾಲನ್ನು ಕಲ್ಪಿಸಿಕೊಂಡರು. ಸಾಲಿನಲ್ಲಿ ಹೆಚ್ಚೆಂದರೆ 64 ಗುಂಡುಗಳು. ಸ್ಪ್ರಿಂಗುಗಳು ಹುಕ್ಕನ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವುದಾದರೆ, ಅಂದರೆ ಎಳೆತ ಇಮ್ಮಡಿಯಾದಾಗ ಬಲವೂ ಸರಿಯಾಗಿ ಇಮ್ಮಡಿಯಾಗುವುದಾದರೆ, ಪ್ರತಿಯೊಂದು ಕಂಪನವೂ ತನ್ನ ಶಕ್ತಿಯನ್ನು ತಾನೇ ಇಟ್ಟುಕೊಂಡು, ಇನ್ನೊಂದಕ್ಕೆ ಕಿಂಚಿತ್ತೂ ಕೊಡದೆ, ಅನಂತಕಾಲ ಮುಂದುವರಿಯುತ್ತದೆ. ನಿಜವಾದ ವಸ್ತುಗಳು ಇಷ್ಟು ಶಿಸ್ತಿನವಲ್ಲ. ಆದುದರಿಂದ ಬಲದ ಸೂತ್ರಕ್ಕೆ ಚಿಕ್ಕದೊಂದು ವಕ್ರಾಂಶವನ್ನು ಸೇರಿಸಲಾಯಿತು. ಇಂಥದಕ್ಕೆ ಅರೇಖೀಯ ವ್ಯವಸ್ಥೆಯೆಂದು ಹೆಸರು. ಈ ಅಲ್ಪ ಬದಲಾವಣೆಯಿಂದಲೇ ಸಮೀಕರಣವು ಲೇಖನಿಗೆ ನಿಲುಕದಂತಾಯಿತು.

ಉತ್ತರ ಏನು ಬರಬೇಕೆಂಬುದರ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಹರಿವಾಣದ ಒಂದು ಅಂಚನ್ನು ಕಾಯಿಸಿದರೆ ಶಾಖವು ಎಲ್ಲೆಡೆಗೂ ಹರಡಿ ಸಮನಾಗುತ್ತದೆ. ಒಂದೆಡೆ ಕೂಡಿದ ಶಕ್ತಿಯು ಸರ್ವರಿಗೂ ಸಮಪಾಲಾಗಿ ಹಂಚಿಹೋಗುವುದೆಂಬ ನಂಬುಗೆಯೇ ಉಷ್ಣಶಾಸ್ತ್ರದ ಅಡಿಗಲ್ಲು. ಫರ್ಮಿಯವರೇ ತಮ್ಮ ತಾರುಣ್ಯದಲ್ಲಿ, 1923ರಲ್ಲಿ, ಈ ನಂಬುಗೆಗೆ ಗಣಿತದ ಆಧಾರ ಒದಗಿಸಲು ಪ್ರಬಂಧವೊಂದನ್ನು ಪ್ರಕಟಿಸಿದ್ದರು. ಮೂಲಕಂಪನಕ್ಕೆ ಮಾತ್ರ ಶಕ್ತಿಯನ್ನು ಕೊಟ್ಟು ಬಿಟ್ಟರೆ ಅದು ಕ್ರಮೇಣ ಎಲ್ಲ ಕಂಪನಗಳಿಗೂ ಹಂಚಿಹೋಗಲೇಬೇಕು. ಹಂಚಿಹೋಗಲು ಎಷ್ಟು ಕಾಲ ಹಿಡಿಯುವುದೆಂಬುದಷ್ಟೇ ಯಂತ್ರದಿಂದ ತಿಳಿಯಬೇಕಾಗಿದ್ದ ಸಂಗತಿ.

ಮೊದಮೊದಲು ಎಲ್ಲವೂ ಎಣಿಕೆಯಂತೆಯೇ ನಡೆಯಿತು. ಮೂಲಕಂಪನದ ಶಕ್ತಿ ಇಳಿಯುತ್ತ ಬಂದು ಎರಡನೆಯ, ಮೂರನೆಯ, ನಾಲ್ಕನೆಯ ಕಂಪನಗಳು ಒಂದಾದಮೇಲೊಂದರಂತೆ ತಲೆಯೆತ್ತಿದುವು. ಆದರೆ ಹಂಚಿಕೆ ಅಲ್ಲಿಗೇ ನಿಂತಿತು. ಕೆಳಗಣ ಕೆಲವೇ ಕಂಪನಗಳು ಶಕ್ತಿಯನ್ನು ತಮ್ಮತಮ್ಮಲ್ಲಿ ಕೊಟ್ಟು ತೆಗೆದುಕೊಂಡುವೇ ಹೊರತು ಉಳಿದವುಗಳಿಗೆ ಅದರಲ್ಲಿ ಪಾಲು ದೊರೆತುದು ಅತ್ಯಲ್ಪ. ಲೆಕ್ಕವನ್ನು ಇನ್ನೂ ಮುಂದುವರಿಸಿದಾಗ ಇದಕ್ಕಿಂತ ಮಿಗಿಲಾದ ವಿಸ್ಮಯ ಕಾದಿತ್ತು: ಚದುರಿದ್ದ ಶಕ್ತಿಯು ಹೆಚ್ಚುಕಡಿಮೆ ಪೂರ್ತಿಯಾಗಿ, ಅತ್ಯಲ್ಪ ಕೊರತೆಯೊಡನೆ, ಮೂಲಕಂಪನಕ್ಕೇ ಹಿಂದಿರುಗಿತು! ಹಾಲಿನಲ್ಲಿ ಕರಗಿದ ಸಕ್ಕರೆಯು ತಾನಾಗಿಯೇ ಮತ್ತೆ ಹರಳುಗಟ್ಟಿ ತಳದಲ್ಲಿ ಕುಳಿತಂತೆ. ಯಂತ್ರವೇ ಎಡವಿರಬಹುದೆಂಬ ಶಂಕೆ ಸಹಜ. ಆದರೆ ಒಟ್ಟು ಶಕ್ತಿ ಬದಲಾಗದೆ ಉಳಿದಿದೆಯೇ ಎಂಬುದು ಇಂಥ ಲೆಕ್ಕಕ್ಕೆ ಒರೆಗಲ್ಲು. ಆ ಒರೆಗಲ್ಲಿಗೆ ಲೆಕ್ಕ ಸರಿಯಾಗಿಯೇ ನಿಂತಿತು.

ಫರ್ಮಿಯವರು 1954ರ ನವೆಂಬರಿನಲ್ಲಿ ಕಾಲವಾದರು. ವರದಿ ಸಿದ್ಧವಾದುದು 1955ರ ಮೇ ತಿಂಗಳಲ್ಲಿ. ಅದು ಪ್ರಯೋಗಾಲಯದ ಕಡತದಲ್ಲೇ ಉಳಿದು, ಫರ್ಮಿಯವರ ಸಮಗ್ರ ಪ್ರಬಂಧಗಳ ಸಂಪುಟ ಹೊರಬಂದ 1965ರಲ್ಲಿ ಮುದ್ರಣ ಕಂಡಿತು. ಅದೇ ವರ್ಷ ನಾರ್ಮನ್ ಜಬುಸ್ಕಿ ಮತ್ತು ಮಾರ್ಟಿನ್ ಕ್ರುಸ್ಕಲ್ ಎಂಬವರು ಒಗಟಿನ ಒಂದು ಎಳೆಯನ್ನು ಬಿಡಿಸಿದರು. ಗುಂಡುಗಳ ಸಾಲಿನಲ್ಲಿ ಅಲೆಯು ಒಡೆದು ಹಲವು ಒಂಟಿ ಅಲೆಗಳಾಗುತ್ತದೆ. ಅವು ಪರಸ್ಪರ ಎದುರಾದರೂ ಆಕಾರಗೆಡದೆ ದಾಟಿಹೋಗುತ್ತವೆ. ದಾಟಿದ ಮೇಲೆ ಮತ್ತೆ ಕೂಡಿ ಹಳೆಯ ಅಲೆಯನ್ನು ಬಹುಮಟ್ಟಿಗೆ ಮರಳಿ ಕಟ್ಟುತ್ತವೆ. ಈ ಅಲೆಗಳಿಗೆ ಅವರು ‘ಸಾಲಿಟಾನ್’ ಎಂದು ಹೆಸರಿಟ್ಟರು. ಇಂಥ ಅಲೆಯೊಂದನ್ನು ಜಾನ್ ಸ್ಕಾಟ್ ರಸೆಲ್ ಎಂಬ ಸ್ಕಾಟ್ಲೆಂಡಿನ ಇಂಜಿನಿಯರು 1834ರಲ್ಲಿಯೇ ಎಡಿನ್‌ಬರೋ ಬಳಿಯ ಕಾಲುವೆಯೊಂದರಲ್ಲಿ ಕಂಡು, ಕುದುರೆಯೇರಿ ಅದರ ಬೆನ್ನಟ್ಟಿದ್ದರು. 1980ರಲ್ಲಿ ಬೆಳಕಿನ ಸಾಲಿಟಾನನ್ನು ಗಾಜಿನ ಎಳೆಯಲ್ಲಿ ಹರಿಯಿಸಿಯೂ ತೋರಿಸಲಾಯಿತು. ಉಷ್ಣಶಾಸ್ತ್ರವೇನೂ ಇದರಿಂದ ಕುಸಿಯಲಿಲ್ಲ. ಆರಂಭದ ಶಕ್ತಿಯನ್ನು ಸಾಕಷ್ಟು ಹೆಚ್ಚಿಸಿದರೆ ಹಂಚಿಕೆ ನಿರೀಕ್ಷೆಯಂತೆಯೇ ನಡೆಯುವುದೆಂದು 1966ರಲ್ಲಿ ರಷ್ಯದ ಇಜ್ರೈಲೆವ್ ಮತ್ತು ಚಿರಿಕೊವ್ ವಿವರಿಸಿದರು.

ಈ ಸಮಸ್ಯೆಗೆ ಬಹುಕಾಲ ‘ಫರ್ಮಿ-ಪಾಸ್ಟಾ-ಉಲಾಮ್ ಸಮಸ್ಯೆ’ ಎಂದೇ ಹೆಸರಿತ್ತು. ವರದಿಯ ಮೊದಲ ಪುಟವನ್ನು ಓದಿದವರಿಗೆ ಮಾತ್ರ ನಾಲ್ಕನೆಯ ಹೆಸರು ಕಣ್ಣಿಗೆ ಬೀಳುತ್ತಿತ್ತು. ವರದಿ ಬರೆದವರು ಮೂವರು, ಕೆಲಸ ಮಾಡಿದವರು ನಾಲ್ವರು ಎಂದು ಅದರಲ್ಲೇ ನಮೂದಾಗಿದೆ. ಆ ನಾಲ್ಕನೆಯವರು ಮೇರಿ ತ್ಸಿಂಗೂ. 1928ರಲ್ಲಿ ಜನಿಸಿದ ತರುಣಿ. ಸಮೀಕರಣಗಳನ್ನು ಯಂತ್ರದ ಭಾಷೆಗೆ ಇಳಿಸಿದವರೂ ಮೇನಿಯಾಕಿನ ಮುಂದೆ ಕುಳಿತು ಲೆಕ್ಕವನ್ನು ನಡೆಸಿದವರೂ ಆಕೆಯೇ. ಸಿದ್ಧ ಭಾಷೆಗಳಾಗಲಿ ಸಿದ್ಧ ಕ್ರಮವಿಧಿಗಳಾಗಲಿ ಇಲ್ಲದ ಆ ಕಾಲದಲ್ಲಿ ಅದು ಗುಮಾಸ್ತೆಯ ದುಡಿಮೆಯೆಂದು ಬಗೆದವರು ಆ ಕೆಲಸದ ಕಷ್ಟವನ್ನು ಅರಿತವರಲ್ಲ. ವಿವಾಹಾನಂತರ ಆಕೆ ಮೇರಿ ಮೆನ್ಜೆಲ್ ಆದರು. 1972ರಲ್ಲಿ ಜೇಮ್ಸ್ ಟಕ್ ಅವರೊಡನೆ ಅದೇ ಸಮಸ್ಯೆಗೆ ಮರಳಿ, ಲೆಕ್ಕವನ್ನು ಬಹುದೂರ ಮುಂದಕ್ಕೆ ಒಯ್ದರು. ಪ್ರತಿ ಮರುಕಳಿಕೆಯಲ್ಲೂ ಹೆಚ್ಚುತ್ತ ಹೋಗುವ ಅಲ್ಪ ಕೊರತೆಯು ಒಂದು ಹಂತದಲ್ಲಿ ಹಿಂದಿರುಗಿ ತುಂಬಿಬರುವುದೆಂದು, ಮರುಕಳಿಕೆಗಳಿಗೇ ಇನ್ನೊಂದು ಮಹಾಮರುಕಳಿಕೆ ಇರುವುದೆಂದು, ಆ ಪ್ರಬಂಧದಲ್ಲಿ ತೋರಿಸಿದರು. ಆದರೆ ಅದನ್ನು ಓದಿದವರಲ್ಲಿ ಎಷ್ಟೋ ಮಂದಿಗೆ ಮೆನ್ಜೆಲ್ ಎಂಬವರೇ ಹಿಂದಿನ ತ್ಸಿಂಗೂ ಎಂಬುದು ಗೊತ್ತಿರಲಿಲ್ಲ.

2008ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಯೊಬ್ಬರು ‘ಫಿಸಿಕ್ಸ್ ಟುಡೇ’ ಪತ್ರಿಕೆಯಲ್ಲಿ ಈ ವೃತ್ತಾಂತವನ್ನು ಬರೆದು, ಸಮಸ್ಯೆಗೆ ಆಕೆಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದರು. ಆ ಬಳಿಕ ಪ್ರಕಟವಾದ ಅನೇಕ ಪ್ರಬಂಧಗಳಲ್ಲಿ ಅದು ‘ಫರ್ಮಿ-ಪಾಸ್ಟಾ-ಉಲಾಮ್-ತ್ಸಿಂಗೂ ಸಮಸ್ಯೆ’ ಎಂದೇ ನಮೂದಾಗುತ್ತಿದೆ.