ಮುಂದೆ ಬಿಚ್ಚುವವರಿಗೆ ಒಂದು ಸಾಲು

ರಾಜಾಜಿನಗರದ ಹಳೇ ಮನೆಯೊಂದರ ಮಹಡಿ ಕೋಣೆ. ಕಿಟಕಿ ಪಕ್ಕದ ಮೇಜಿನ ಮೇಲೆ ಎರಡು ಪರದೆ, ಒಂದು ದಪ್ಪನೆಯ ಕೀಬೋರ್ಡ್. ಮೌಸ್ ಇದೆ, ಅದರ ವಾಸ ಡ್ರಾಯರಿನೊಳಗೆ. ಶನಿವಾರ ಬೆಳಗ್ಗೆ ಅಕ್ಕಪಕ್ಕದ ಮನೆಗಳಲ್ಲಿ ಕುಕ್ಕರ್ ಕೂಗುವ ಹೊತ್ತಿಗೆ ಇಲ್ಲಿ ಟಕಟಕ ಸದ್ದು ಶುರುವಾಗಿರುತ್ತದೆ. ಕಾಫಿ ತಂದ ಅಮ್ಮ "ಇವತ್ತೂ ಆಫೀಸೇನೋ?" ಎಂದರೆ, "ಇಲ್ಲಮ್ಮ, ಇದು ನಂದೇ ಕೆಲಸ" ಎಂಬ ಉತ್ತರ, ತಲೆ ಮಾತ್ರ ಮೇಲೇಳುವುದಿಲ್ಲ.

ನಮ್ಮ ಈ ಪ್ರೋಗ್ರಾಮರ್ ಕೈಗೆ ಒಗ್ಗಿದ್ದು ವಿಮ್. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ಎಡಿಟರ್ ಅದು; ಬೇರು ಇರುವುದು 1976ರಲ್ಲಿ ಬಿಲ್ ಜಾಯ್ ಬರೆಯತೊಡಗಿದ ವಿಐನಲ್ಲಿ. ಕರ್ಸರ್ ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಸರಿಯಬೇಕಾದರೆ ಎಚ್, ಜೆ, ಕೆ, ಎಲ್ ಒತ್ತಬೇಕು. ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಆ ನಾಲ್ಕು ಅಕ್ಷರಗಳ ಮೇಲೇ ಅಚ್ಚಾಗಿದ್ದವು. ಆ ಯಂತ್ರ ಇಂದು ಮ್ಯೂಸಿಯಂ ವಸ್ತು. ಬಾಣಗಳು ಮಾತ್ರ ರಾಜಾಜಿನಗರದ ಬೆರಳುಗಳಲ್ಲಿ ಇನ್ನೂ ಓಡಾಡುತ್ತಿವೆ. "ವಿಮ್ ಒಳಗೆ ಹೋದ್ರೆ ಹೊರಗೆ ಬರೋದೇ ಗೊತ್ತಾಗಲ್ಲ" ಎಂದು ಹೊಸ ಹುಡುಗರು ನಕ್ಕರೆ, ಇವರದು ಒಂದೇ ಪ್ರಶ್ನೆ: "ಹೊರಗೆ ಯಾಕೆ ಬರಬೇಕು?"

ಅಭಿಪ್ರಾಯಗಳಿಗೇನೂ ಬರವಿಲ್ಲ. ಕೋಡಿನ ಸಾಲನ್ನು ಒಳಕ್ಕೆ ಸರಿಸಲು ಟ್ಯಾಬೋ ಸ್ಪೇಸೋ ಎಂಬ ಹಳೇ ವ್ಯಾಜ್ಯ ಎತ್ತಿದರೆ ತೀರ್ಪು ಸಿದ್ಧ: ಮೇಕ್‌ಫೈಲಿಗೆ ಟ್ಯಾಬೇ ಬೇಕು, ಯಾಮಲ್ಲಿನ ಇಂಡೆಂಟಿಗೆ ಟ್ಯಾಬ್ ಆಗಿಬರುವುದಿಲ್ಲ, ಪೈಥಾನಿನ ಶೈಲಿ ಕೈಪಿಡಿ ನಾಲ್ಕು ಸ್ಪೇಸ್ ಎನ್ನುತ್ತದೆ, ಎಲ್ಲವನ್ನೂ ಫಾರ್ಮ್ಯಾಟರಿಗೆ ಒಪ್ಪಿಸಿ ಊಟಕ್ಕೆ ನಡೀರಿ. ಪ್ರೀತಿಯ ಟರ್ಮಿನಲ್ ಮೇಲೂ ಒಂದು ಮುನಿಸಿದೆ. ಪರದೆಯನ್ನು ಸಮ ಅಗಲದ ಚೌಕಗಳಾಗಿ ಹಂಚಿಕೊಂಡು ಅಕ್ಷರ ಕೂರಿಸುವುದು ಅದರ ಲೆಕ್ಕ. 'ಸ್ತ್ರೀ' ಎಂದು ಟೈಪಿಸಿದರೆ ಎಷ್ಟೋ ಸಲ ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಕನ್ನಡದಲ್ಲಿ ನಾಲ್ಕು ಸಾಲು ಗೀಚಬೇಕಾದಾಗ ಗೊಣಗುತ್ತ ಬೇರೆ ಎಡಿಟರ್ ತೆರೆಯುತ್ತಾರೆ.

ಗೊಣಗಾಟ ಸಿಟ್ಟಿಗೆ ತಿರುಗುವುದು ಗಿಟ್ ವಿಷಯದಲ್ಲಿ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ಲಿಗಾಗಿ ಬರೆದ ಈ ಸಾಧನ, ಯಾರು ಯಾವತ್ತು ಯಾವ ಸಾಲು ಬದಲಿಸಿದರೆಂದು ದಾಖಲಿಸಿಕೊಳ್ಳುತ್ತದೆ. ಆ ಒಂದೊಂದು ದಾಖಲೆಗೆ 'ಕಮಿಟ್' ಎಂದು ಹೆಸರು. ಬದಲಿಸಿದ್ದು ಯಾಕೆಂಬುದನ್ನು ಮನುಷ್ಯನೇ ಬರೆಯಬೇಕು. ಅಲ್ಲಿ 'ಫಿಕ್ಸ್' ಎಂದಷ್ಟೇ ಬರೆದು ಎದ್ದುಹೋಗುವವರನ್ನು ಕಂಡರೆ ಇವರಿಗಾಗದು.

ಊಟವಾದ ಮೇಲೆ ಕೀಬೋರ್ಡ್ ಪಕ್ಕಕ್ಕೆ ಸರಿಯುತ್ತದೆ. ಮೇಜಿನ ಮೇಲೆ ಬಿಳಿ ಹಾಳೆ, ಚಿಮಟ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಿಂದ ಚೌಕಾಸಿ ಮಾಡಿ ತಂದ ಎಚ್‌ಎಂಟಿ ಜನತಾ. ದಿನಾ ಕೀ ಕೊಡಬೇಕಾದ ವಾಚು, 17 ಜ್ಯುಯೆಲ್ಸ್. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಲ್ಲೇ ವಾಚು ತಯಾರಿಕೆಗಿಳಿದ ಎಚ್‌ಎಂಟಿಯ ಆ ಅಂಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಈಗ ಬಿಡಿಭಾಗ ಬೇಕೆಂದರೆ ಇನ್ನೊಂದು ಕೆಟ್ಟ ವಾಚನ್ನೇ ಹುಡುಕಬೇಕು. ಒಂದೊಂದು ಸ್ಕ್ರೂ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ. ಸ್ಪ್ರಿಂಗೇನಾದರೂ ಚಿಮ್ಮಿತೋ, ಮನೆಮಂದಿಯೆಲ್ಲ ಮಂಡಿಯೂರಿ ನೆಲ ತಡಕಬೇಕು.

ಹಿಂಬದಿಯ ಮುಚ್ಚಳದ ಒಳಮೈ ತೋರಿಸುವಾಗ ಇವರ ದನಿಯೇ ಬೇರೆ. ಅಲ್ಲಿ ಸೂಜಿಮೊನೆಯಲ್ಲಿ ಗೀರಿದ ಪುಟ್ಟ ಅಂಕಿಗಳು, ಅರ್ಧ ಅಳಿಸಿದ ಇನಿಷಿಯಲ್ಲು. ರಿಪೇರಿಯವರು ತಾವು ಬಿಚ್ಚಿದ ದಿನಕ್ಕೆ ಹಾಕಿಟ್ಟ ಗುರುತು. "ಗಿಟ್ ಹುಟ್ಟೋಕೆ ಮುಂಚಿನ ಕಮಿಟ್ ಲಾಗ್ ಇದು, ನೋಡಿ. ಯಾವ ಪೇಟೆಯ ಪುಣ್ಯಾತ್ಮನೋ!"

ಸಂಜೆ ಕೆಳಗಿನ ಮನೆಯ ಎಂಜಿನಿಯರಿಂಗ್ ಹುಡುಗಿ ಮೆಟ್ಟಿಲೇರಿ ಬರುತ್ತಾಳೆ. "ಅಂಕಲ್, ವಿಮ್ ಕಲೀಲೇಬೇಕಾ, ವಿಎಸ್ ಕೋಡ್ ಸಾಕಾ?" ಇನ್ನೇನು ವಿಮ್ ಪುರಾಣ ಶುರುವಾಯಿತು ಎಂದುಕೊಳ್ಳುತ್ತೇವೆ. ಇಲ್ಲ.

"ಯಾವುದರಲ್ಲಾದ್ರೂ ಬರಿಯಮ್ಮ. ಆದ್ರೆ ಬದಲಾಯಿಸಿದಾಗ ಯಾಕೆ ಬದಲಾಯಿಸ್ದೆ ಅಂತ ಒಂದು ಸಾಲು ಬರೆದಿಡು. ಅಷ್ಟೂ ಮಾಡದೆ 'ಅಂಕಲ್, ಇದು ಓಡ್ತಿಲ್ಲ' ಅಂತ ಬಂದ್ರೆ, ನಾನು ಬಾಗಿಲೇ ತೆಗೆಯಲ್ಲ."