ಏಣಿಯು ಮೂರನೆಯ ತರಗತಿಗೇ ನಿಲ್ಲಬೇಕೆ?

ಬಡವರ ಮನೆಯ ಬುದ್ಧಿಶಾಲಿ ಮಗುವಿನ ಕಡೆಗೆ ಸರ್ಕಾರದ ಕಣ್ಣು ಹೊರಳುವುದು ಆರನೆಯ ತರಗತಿಯ ಹೊಸ್ತಿಲಲ್ಲಿ. ನವೋದಯ ವಿದ್ಯಾಲಯದವರು ಪರೀಕ್ಷೆಯಿಟ್ಟು ಆರಿಸಿಕೊಳ್ಳುವುದು ಆ ತರಗತಿಗೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಬಾಗಿಲು ತೆರೆಯುವುದೂ ಅಲ್ಲಿಯೇ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಪಾಠವನ್ನು ಬೇಗನೆ ಮುಗಿಸಿ ಕುಳಿತ ಬಾಲಕನನ್ನು ಉಪಾಧ್ಯಾಯರು ಜಾಣನೆಂದು ಕೊಂಡಾಡುವರು. ಬಳಿಕ ಚಿಕ್ಕವರ ಗದ್ದಲವನ್ನಡಗಿಸುವ ಉದ್ಯೋಗಕ್ಕೆ ನೇಮಿಸುವರು!

ಇದಕ್ಕೆ ಪರಿಹಾರವನ್ನು ಪರದೇಶಗಳಲ್ಲಿ ಅರಸಬೇಕಾಗಿಲ್ಲ. ನಮ್ಮ ಜಿಲ್ಲೆಯದೇ ಆದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಸರ್ಕಾರಿ ಶಾಲೆಗಳ ಉಪಾಧ್ಯಾಯರು, ಮದನಪಲ್ಲಿಯ ಬಳಿಯ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ ‘ನಲಿ-ಕಲಿ’ಯನ್ನು ಆರಂಭಿಸಿದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲೆ ಕಲಿಕಾ ಏಣಿಯನ್ನು ತೂಗುಹಾಕಿದರು, ಮೆಟ್ಟಿಲಿಗೊಂದು ಕಾರ್ಡು. ಮಕ್ಕಳು ಐದು ಗುಂಪುಗಳಲ್ಲಿ ಕುಳಿತುಕೊಳ್ಳುವರು: ಮೊದಲನೆಯದಕ್ಕೆ ಉಪಾಧ್ಯಾಯರ ಪೂರ್ಣ ಬೆಂಬಲ, ಕಡೆಯದಕ್ಕೆ ಸ್ವಕಲಿಕೆ. ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದ ತಾಯಿತಂದೆಗಳೊಡನೆ ವಾರಗಟ್ಟಲೆ ಶಾಲೆ ತಪ್ಪಿಸಿದ ಹಾಡಿಯ ಮಗುವು ಹಿಂದಿರುಗಿ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಬೇಗನೆ ಕಲಿತ ಮಗುವು ಯಾರಿಗೂ ಕಾಯದೆ ಮೇಲೇರಬಹುದು.

2009-10ರಲ್ಲಿ ಈ ಪದ್ಧತಿಯು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಆದರೆ ಅದು ಮೊದಲ ಮೂರು ತರಗತಿಗಳಿಗೆ ಮಾತ್ರ. ನಾಲ್ಕನೆಯ ತರಗತಿಗೆ ಬಂದೊಡನೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ದಿನ, ಒಂದೇ ಪುಟ. ಮೂರು ವರ್ಷ ತನ್ನ ಕಾಲಿನ ವೇಗದಲ್ಲಿ ನಡೆದ ಮಗುವನ್ನು, ಆರನೆಯ ತರಗತಿಯ ಪರೀಕ್ಷೆಯು ಎದುರಿಗಿರುವ ಎರಡು ವರ್ಷಗಳಲ್ಲಿಯೇ, ಸಾಲಿನಲ್ಲಿ ನಿಲ್ಲಿಸುತ್ತೇವೆ. ಪಟ್ಟಣದ ಉಳ್ಳವರು ತರಬೇತಿಗೆ ಹಣ ತೆತ್ತು ಈ ಕೊರತೆಯನ್ನು ನೀಗಿಕೊಳ್ಳುವರು. ಹಾಡಿಯ ಮಗುವಿಗೆ ಯಾರು ತೆರುವರು?

ಇದು ದಯೆಯ ಪ್ರಶ್ನೆಯಲ್ಲ. ಪ್ರತಿಯೊಂದು ಮಗುವಿನ ಕಲಿಕೆಯ ಶಕ್ತಿಯನ್ನು ಅಳೆದು ಅದಕ್ಕೆ ತಕ್ಕಂತೆ ಹೆಚ್ಚಿನ ಬೋಧನೆಯನ್ನು ಒದಗಿಸತಕ್ಕದ್ದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯ 24ನೆಯ ಪ್ರಕರಣವು ಉಪಾಧ್ಯಾಯರಿಗೆ ವಿಧಿಸಿದೆ. ದಾಖಲೆ ಬರೆಯುವುದರಲ್ಲಿಯೇ ಹೊತ್ತು ಸಾಗುವುದೆಂದು ಉಪಾಧ್ಯಾಯರು ದೂರುವುದುಂಟು. ಆ ದೂರು ಸುಳ್ಳಲ್ಲ. ಆದುದರಿಂದ ಅವರ ಮೇಲೆ ಹೊಸ ವಹಿಯನ್ನು ಹೊರಿಸಬೇಕೆಂದು ನಾವು ಕೇಳುತ್ತಿಲ್ಲ. ಗಣಿತಕ್ಕೂ ಕನ್ನಡಕ್ಕೂ ಐದನೆಯ ತರಗತಿಯವರೆಗೆ ಕಾರ್ಡುಗಳನ್ನು ಅಚ್ಚುಮಾಡಿಸಿ ಕೊಡಲಿ. ಬೀರುವಿನಲ್ಲಿ ಬೀಗ ಬಿದ್ದ ಪುಸ್ತಕಗಳನ್ನು ಹೊರಗಿಡಲಿ.

1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನನ್ನು ಮೈಸೂರಿಗೆ ತಂದ ಅರಸರ ಹೆಸರನ್ನು ಕೃಷ್ಣರಾಜನಗರವು ಹೊತ್ತಿದೆ. ಮೈಸೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವರು ಮುಂದಿನ ಶಾಲಾವರ್ಷದಲ್ಲಿ ಈ ತಾಲ್ಲೂಕಿನ ಕೆಲವು ಶಾಲೆಗಳಲ್ಲಾದರೂ ಪ್ರಯೋಗವನ್ನು ಆರಂಭಿಸಬೇಕೆಂದು ನಮ್ಮ ಒತ್ತಾಯ.