ಫೋನಿಗೆ ಕಾಲಿಲ್ಲ, ಕಾರಿಗೆ ಸುದ್ದಿಯಿಲ್ಲ

ಶಿರಸಿ ಕಡೆಯ ಓದುಗರೊಬ್ಬರು, ನಿವೃತ್ತ ಮೇಷ್ಟ್ರು, ಕೇಳಿದ ಪ್ರಶ್ನೆ ಇದು: ‘ಹೊಸ ಕಾರು ತಗೊಳ್ತಾ ಇದ್ದೇನೆ. ಮೇಲಿನ ಮಾಡೆಲ್‌ನಲ್ಲಿ ಕಂಪನಿಯವರೇ ನ್ಯಾವಿಗೇಶನ್ ಕೂರಿಸಿ ಕೊಡ್ತಾರಂತೆ. ಅದಕ್ಕೆ ದುಡ್ಡು ದಂಡ, ಫೋನು ಸಾಕು ಅಂತಾನೆ ಮಗ. ಫೋನಿಂದು ಬರೀ ಜಿಪಿಎಸ್, ನಮ್ಮದು ಇನ್‌ಬಿಲ್ಟ್ ಸಾರ್ ಅಂತಾನೆ ಶೋರೂಮಿನ ಹುಡುಗ. ಯಾರ ಮಾತು ಕೇಳಲಿ?’

ಇಬ್ಬರದೂ ಅರ್ಧರ್ಧ ಸರಿ ಮೇಷ್ಟ್ರೇ. ‘ಇನ್‌ಬಿಲ್ಟ್’ ಎಂಬ ಮಾತಿನ ಹಿಂದೆ ನಿಜವಾದ ಭೌತವಿಜ್ಞಾನ ಒಂದಿಷ್ಟು ಇದೆ. ಅದನ್ನು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ, ಅಷ್ಟೆ.

ಕಳೆದ ವರ್ಷ ಬೆಂಗಳೂರಿನ ಮಾಲ್ ಒಂದರ ಮೂರನೇ ಬೇಸ್‌ಮೆಂಟಿನಿಂದ ಗೆಳೆಯನ ಕಾರಿನಲ್ಲಿ ಹೊರಬರುತ್ತಿದ್ದೆವು. ಅವನದು ಕಂಪನಿ ನ್ಯಾವಿಗೇಶನ್ ಇರುವ ಗಾಡಿ. ನನ್ನ ಫೋನು ಎಸಿ ಕಿಂಡಿಗೆ ಸಿಕ್ಕಿಸಿದ ಹೋಲ್ಡರಿನಲ್ಲಿತ್ತು. ಎರಡರಲ್ಲೂ ಮ್ಯಾಪು ಚಾಲೂ. ಸುರುಳಿ ರ‍್ಯಾಂಪಿನಲ್ಲಿ ಮೂರು ಸುತ್ತು ಹಾಕಿ ಕಾರು ರಸ್ತೆಗೆ ಮೂತಿ ಚಾಚಿದಾಗ ಕಾರಿನ ಪರದೆಯ ಬಾಣ ಸರಿಯಾಗಿ ರಸ್ತೆಯನ್ನೇ ನೋಡುತ್ತಿತ್ತು. ಫೋನಿನ ನೀಲಿ ಚುಕ್ಕಿ ಮಾತ್ರ ಗಿರಗಿರ ತಿರುಗಿ ನಿಂತ ಮಗುವಿನಂತೆ ತೂರಾಡುತ್ತ ಹಿಂದಿನ ಬೀದಿಗೆ ಹೋಗಿ ಕೂತಿತ್ತು. ‘ಯು ಟರ್ನ್ ತೆಗೆದುಕೊಳ್ಳಿ’ ಎಂದಿತು. ಹಿಂದಿನಿಂದ ಆಟೊದವನ ಹಾರ್ನು. ಬಾಣವನ್ನೇ ನಂಬಿ ಎಡಕ್ಕೆ ತಿರುಗಿದೆವು, ಸರಿಹೋಯಿತು.

ಸ್ವಾರಸ್ಯವೆಂದರೆ ಬೇಸ್‌ಮೆಂಟಿನೊಳಗೆ ಎರಡಕ್ಕೂ ಆಕಾಶ ಕಾಣುತ್ತಿರಲಿಲ್ಲ. ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅವು ಹೊಮ್ಮಿಸುವ ಸಂಕೇತದ ಶಕ್ತಿ ಹಳೇ ಕಾಲದ ಒಂದು ಬಲ್ಬಿನಷ್ಟು. ಅಷ್ಟು ದೂರದಿಂದ ಇಳಿದು ಬರುವಷ್ಟರಲ್ಲಿ ಅದು ಎಷ್ಟು ಕ್ಷೀಣವಾಗಿರುತ್ತದೆಂದರೆ ಒಂದು ಕಾಂಕ್ರೀಟ್ ಚಾವಣಿ ಸಾಕು, ಕತೆ ಮುಗಿಯಿತು. ಹಾಗಿದ್ದರೆ ಕಾರಿಗೆ ದಿಕ್ಕು ಗೊತ್ತಾದದ್ದು ಹೇಗೆ?

ರಾತ್ರಿ ಕರೆಂಟು ಹೋದಾಗ ನಾವು ಬೆಂಕಿಪೊಟ್ಟಣ ಹುಡುಕಿಕೊಂಡು ಅಡುಗೆಮನೆಗೆ ಹೋಗುವುದಿಲ್ಲವೆ, ಹಾಗೆ. ಮಂಚದಿಂದ ಎದ್ದು ಬಾಗಿಲಿಗೆ ಐದು ಹೆಜ್ಜೆ, ಅಲ್ಲಿ ಎಡಕ್ಕೆ ಹೊರಳಿ ನಡುಮನೆಯಲ್ಲಿ ಎಂಟು ಹೆಜ್ಜೆ. ಕಣ್ಣು ಕಾಣದಿದ್ದರೂ ಕಾಲಿಗೆ ಲೆಕ್ಕ ಗೊತ್ತು. ಒಂದೇ ತೊಂದರೆಯೆಂದರೆ ಪ್ರತಿ ಹೆಜ್ಜೆಯಲ್ಲೂ ಚೂರುಪಾರು ತಪ್ಪಿರುತ್ತದೆ, ಆ ತಪ್ಪುಗಳು ಒಂದರ ಮೇಲೊಂದು ಕೂಡುತ್ತ ಹೋಗುತ್ತವೆ. ಹತ್ತು ಹೆಜ್ಜೆಯ ಮನೆಯಲ್ಲಿ ನಡೆದೀತು, ನೂರು ಹೆಜ್ಜೆಯ ಛತ್ರದಲ್ಲಾದರೆ ಹಣೆ ಕಂಬಕ್ಕೆ ಬಡಿಯುವುದು ಖಂಡಿತ. ಅದಕ್ಕೇ ನಾವು ಕೈ ಚಾಚಿ ಗೋಡೆ ತಡವುತ್ತೇವೆ. ಕೈಗೆ ಬಾಗಿಲ ಚೌಕಟ್ಟು ಸಿಕ್ಕಿದೊಡನೆ ಅಲ್ಲಿಯವರೆಗಿನ ತಪ್ಪೆಲ್ಲ ಸೊನ್ನೆ. ಮತ್ತೆ ಒಂದರಿಂದ ಎಣಿಕೆ.

ಕಾರು ದಾರಿ ಹೇಳಲು ಕಲಿತದ್ದು ಹೀಗೆಯೇ, ಉಪಗ್ರಹಗಳ ಹಂಗಿಲ್ಲದೆ. 1981ರಲ್ಲಿ ಜಪಾನಿನ ಹೋಂಡಾ ಕಂಪನಿ ತನ್ನ ಅಕಾರ್ಡ್ ಕಾರಿಗೆ ‘ಎಲೆಕ್ಟ್ರೋ ಗೈರೋಕೇಟರ್’ ಎಂಬ ಪೆಟ್ಟಿಗೆ ಜೋಡಿಸಿತು. ಕಾರು ಎಷ್ಟು ಹೊರಳಿತು ಎಂದು ಹೇಳಲು ಅದರೊಳಗೆ ಹೀಲಿಯಂ ಅನಿಲದ ಗೈರೋಸ್ಕೋಪು, ಎಷ್ಟು ದೂರ ಓಡಿತು ಎನ್ನಲು ಗಾಲಿಯ ಲೆಕ್ಕ. ನಕ್ಷೆ ಎಂಬುದು ಪಾರದರ್ಶಕ ಹಾಳೆ. ಅದನ್ನು ಪುಟ್ಟ ಪರದೆಯ ಮುಂದೆ ಸಿಕ್ಕಿಸಿ ಹೊರಟ ಜಾಗವನ್ನು ಗುರುತು ಮಾಡಿದರೆ ಬೆಳಕಿನ ಚುಕ್ಕಿ ನಕ್ಷೆಯ ಮೇಲೆ ಹರಿಯುತ್ತ ಹೋಗುತ್ತಿತ್ತು. ಹಾಳೆಯ ಅಂಚು ಬಂದರೆ ಹೊಸ ಹಾಳೆ! ಇದು ಹೆಜ್ಜೆ ಎಣಿಸುವ ಯಂತ್ರ. ಗೋಡೆ ತಡವುವ ಕೈ ಇದಕ್ಕಿನ್ನೂ ಬಂದಿರಲಿಲ್ಲ.

ಆ ಕೈ ಬಂದದ್ದು 1985ರಲ್ಲಿ, ಕ್ಯಾಲಿಫೋರ್ನಿಯಾದ ಸ್ಟ್ಯಾನ್ ಹನಿ ಎಂಬ ಎಂಜಿನಿಯರ್ ಮೂಲಕ. ಹನಿ ಹಾಯಿದೋಣಿಯ ಪಂದ್ಯಗಳಲ್ಲಿ ದಿಕ್ಕು ಲೆಕ್ಕಹಾಕುತ್ತಿದ್ದ ಮನುಷ್ಯ. ವಿಡಿಯೊ ಗೇಮಿನ ಅಟಾರಿ ಕಂಪನಿ ಕಟ್ಟಿದ ನೋಲನ್ ಬುಶ್ನೆಲ್ 1983ರಲ್ಲಿ ತನ್ನ ದೋಣಿಗೆ ಹನಿಯನ್ನು ನ್ಯಾವಿಗೇಟರ್ ಆಗಿ ಕರೆದೊಯ್ದ. ಆಮೇಲೆ ಹನಿಯ ಹೊಸ ಕಂಪನಿಗೆ ಬಂಡವಾಳವನ್ನೂ ಹಾಕಿದ. ಕಂಪನಿಯ ಹೆಸರು ‘ಈಟಾಕ್’. ಪೆಸಿಫಿಕ್ ಸಾಗರದ ಕ್ಯಾರೊಲೈನ್ ದ್ವೀಪಗಳ ನಾವಿಕರ ಲೆಕ್ಕಾಚಾರಕ್ಕೆ ಇರುವ ಹೆಸರು ಅದು. ಅವರ ಪ್ರಕಾರ ದೋಣಿ ಚಲಿಸುವುದಿಲ್ಲ! ದೋಣಿ ನಕ್ಷತ್ರಗಳ ಕೆಳಗೆ ಇದ್ದಲ್ಲೇ ಇದೆ, ದ್ವೀಪಗಳೇ ಪಕ್ಕದಲ್ಲಿ ಹಿಂದಕ್ಕೆ ಸರಿಯುತ್ತವೆ. ಹನಿ ಇದನ್ನೇ ಪರದೆಗೆ ತಂದ. ಕಾರಿನ ಗುರುತು ನಡುವೆ ನಿಂತೇ ಇರುತ್ತದೆ, ಊರು ಅದರ ಸುತ್ತ ತಿರುಗುತ್ತದೆ. ಇವತ್ತು ನಿಮ್ಮ ಫೋನಿನಲ್ಲೂ ಬಾಣ ನಿಂತಿರುತ್ತದೆ, ರಸ್ತೆ ಹರಿದು ಬರುತ್ತದೆ. ಹಾಯಿಯ ಹಗ್ಗ ಹಿಡಿದು ಸಾಗರ ದಾಟುತ್ತಿದ್ದವರ ಎಣಿಕೆ ನಮ್ಮ ಜೇಬಿನೊಳಗೆ ಕೂತಿದೆ.

ಈಟಾಕ್‌ನ ನಕ್ಷೆಗಳು ಇದ್ದದ್ದು ಹಾಡಿನ ಕ್ಯಾಸೆಟ್ಟಿನಂಥ ಕ್ಯಾಸೆಟ್ಟುಗಳಲ್ಲಿ. ದೊಡ್ಡ ನಗರವಾದರೆ ಒಂದು ಸಾಲದು, ನಡುವೆ ಬದಲಿಸಬೇಕಿತ್ತು. ಆದರೆ ಯಂತ್ರಕ್ಕೆ ರಸ್ತೆಗಳ ಆಕಾರ ಗೊತ್ತಿತ್ತು. ಕಾರು ಬಲಕ್ಕೆ ತಿರುಗಿತು ಎಂದರೆ ಅಲ್ಲೊಂದು ತಿರುವು ಇರಲೇಬೇಕಲ್ಲ? ಹತ್ತಿರದ ತಿರುವನ್ನು ಹುಡುಕಿ ಚುಕ್ಕಿಯನ್ನು ಅಲ್ಲಿ ಕೂರಿಸಿ, ಕೂಡಿಬಂದ ತಪ್ಪನ್ನು ಅಳಿಸಿಬಿಡುತ್ತಿತ್ತು. ಕತ್ತಲಲ್ಲಿ ಬಾಗಿಲ ಚೌಕಟ್ಟು ಮುಟ್ಟಿದ ಹಾಗೆ.

ಇವತ್ತಿನ ಕಾರಿನಲ್ಲಿ ಕಾಲು ಬಿಟ್ಟಿಯಾಗಿಯೇ ಸಿಗುತ್ತದೆ. ನಮ್ಮಲ್ಲಿ 2019ರಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಬ್ರೇಕು ಕಡ್ಡಾಯ. ಅದಕ್ಕಾಗಿ ಪ್ರತಿ ಗಾಲಿಯ ಪಕ್ಕ ಸುತ್ತು ಎಣಿಸುವ ಸೆನ್ಸರ್ ಇದ್ದೇ ಇರುತ್ತದೆ. ಗಾಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ ಎರಡು ಮೀಟರ್ ಉರುಳುತ್ತದೆ. ಎಡಕ್ಕೆ ತಿರುಗುವಾಗ ಬಲಗಾಲಿ ಹೆಚ್ಚು ಓಡುತ್ತದೆ. ಆ ವ್ಯತ್ಯಾಸದಿಂದಲೇ ತಿರುವು ಎಷ್ಟು ಎಂದು ತಿಳಿಯುತ್ತದೆ. ಟೈರು ಸವೆದರೆ? 30 ಸೆಂಟಿಮೀಟರ್ ತ್ರಿಜ್ಯದ ಗಾಲಿಯಲ್ಲಿ 6 ಮಿಲಿಮೀಟರ್ ಸವೆದರೆ ಶೇಕಡಾ 2ರಷ್ಟು ಲೆಕ್ಕ ತಪ್ಪುತ್ತದೆ, ಅಂದರೆ ಕಿಲೋಮೀಟರಿಗೆ 20 ಮೀಟರ್. ಇದನ್ನು ಜಾಣ ಕಾರುಗಳು ಬಯಲು ರಸ್ತೆಯಲ್ಲಿ, ಉಪಗ್ರಹಗಳು ಚೆನ್ನಾಗಿ ಕಾಣುವಾಗ, ತಾವೇ ತಿದ್ದಿಕೊಳ್ಳುತ್ತವೆ.

ಫೋನಿನೊಳಗೂ ಗೈರೋಸ್ಕೋಪಿದೆ, ನಿಜ. ಆದರೆ ಅದಕ್ಕೆ ಕಾಲಿಲ್ಲ. ಎಷ್ಟು ದೂರ ಬಂದೆ ಎಂದು ಗಾಲಿಯನ್ನು ಕೇಳುವಂತಿಲ್ಲ, ಅಲುಗಾಟದಿಂದ ಊಹಿಸಬೇಕು. ಹೋಲ್ಡರಿನಲ್ಲಿ ಅದು ಯಾವ ಕಡೆ ವಾಲಿದೆ ಎಂಬುದೂ ಅದಕ್ಕೆ ಸರಿಯಾಗಿ ಗೊತ್ತಿರುವುದಿಲ್ಲ. ಸುರಂಗದಲ್ಲಿ, ಎರಡಂತಸ್ತಿನ ಫ್ಲೈಓವರಿನ ಅಡಿಯಲ್ಲಿ, ಗಾಜಿನ ಕಟ್ಟಡಗಳ ನಡುವೆ ಸಂಕೇತ ಪುಟಿದು ಬರುವಲ್ಲಿ ಅದು ಪಕ್ಕದ ಸರ್ವಿಸ್ ರಸ್ತೆಗೆ ಜಿಗಿಯುವುದು ಇದಕ್ಕೇ. ಮೇಲಾಗಿ, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಗಾಜಿನ ಹಿಂದೆ ಕೂತ ಫೋನು ಕಾದು ಪರದೆಯನ್ನೇ ಮಂಕು ಮಾಡಿಕೊಳ್ಳುತ್ತದೆ.

ಇಲ್ಲಿಗೆ ಶೋರೂಮಿನ ಹುಡುಗನ ಅರ್ಧ ಮುಗಿಯಿತು. ಈಗ ಮಗನ ಪಾಲು.

ಬೇಸ್‌ಮೆಂಟಿನಲ್ಲಿ ಅಷ್ಟು ಜಾಣತನ ತೋರಿದ ಅದೇ ಕಾರಿನಲ್ಲಿ ಮುಂದಿನ ವಾರ ಮೈಸೂರಿಗೆ ಹೊರಟೆವು. ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ. ಕಾರಿನ ನಕ್ಷೆ ಅದಕ್ಕಿಂತ ಹಳೆಯದು. ಮಂಡ್ಯದ ಬೈಪಾಸ್ ಹಿಡಿದದ್ದೇ ತಡ, ಪರದೆಯಲ್ಲಿ ನಮ್ಮ ಬಾಣ ರಸ್ತೆ ಬಿಟ್ಟು ಸೀದಾ ಕಬ್ಬಿನ ಗದ್ದೆಗೆ ನುಗ್ಗಿತು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಗದ್ದೆ, ನಾಲೆ, ತೋಟ ಎಲ್ಲವನ್ನೂ ದಾಟಿ ಓಡಿತು. ‘ಸಾಧ್ಯವಾದಾಗ ಯು ಟರ್ನ್ ತೆಗೆದುಕೊಳ್ಳಿ’ ಎಂದು ಇಂಗ್ಲಿಷಿನಲ್ಲಿ ಬೇಡಿಕೊಳ್ಳುತ್ತಲೇ ಇತ್ತು. ತಾನು ಎಲ್ಲಿದ್ದೇನೆ ಎಂಬುದು ಅದಕ್ಕೆ ಕರಾರುವಾಕ್ಕಾಗಿ ಗೊತ್ತಿತ್ತು. ಅಲ್ಲೊಂದು ರಸ್ತೆಯಾಗಿದೆ ಎಂಬ ಸುದ್ದಿ ಮಾತ್ರ ಅದಕ್ಕೆ ತಲುಪಿರಲಿಲ್ಲ. ನಕ್ಷೆ ಹೊಸದು ಬೇಕೆಂದರೆ ಸರ್ವಿಸ್ ಸೆಂಟರಿಗೆ ಹೋಗಿ ಹಣ ಕೊಡಬೇಕಂತೆ. ಗೆಳೆಯ ಕೊಟ್ಟಿಲ್ಲ.

ಫೋನಿಗೆ ಆ ಸುದ್ದಿ ದಿನವೂ ಬರುತ್ತದೆ. ಮುಂದಿನ ಟೋಲ್ ಬಳಿ ಫೋನುಗಳೆಲ್ಲ ಆಮೆಯಂತೆ ಸರಿಯುತ್ತಿವೆ ಎಂದು ಗೊತ್ತಾದರೆ ರಸ್ತೆಗೆ ಕೆಂಪು ಬಣ್ಣ ಬಳಿಯುತ್ತದೆ. ಡ್ಯಾಶ್‌ಬೋರ್ಡಿಗೆ ಅಂಟಿಸುವ ನ್ಯಾವಿಗೇಶನ್ ಡಬ್ಬಿಗಳು ಮೂಲೆ ಸೇರಿದ್ದೂ ಇದರಿಂದಲೇ. 2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿದಾಗ ಆ ಡಬ್ಬಿಗಳಿಗೆ ಸುಗ್ಗಿ ಬಂತು. 2009ರ ಅಕ್ಟೋಬರಿನಲ್ಲಿ ಗೂಗಲ್ ಫೋನಿನಲ್ಲೇ ಪುಕ್ಕಟೆ ದಾರಿ ಹೇಳತೊಡಗಿದಾಗ ಸುಗ್ಗಿ ಮುಗಿಯಿತು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಕಳೆದುಬಿಡೋಣ. ‘ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲ, ಜಿಪಿಎಸ್ ಕೆಲಸ ಮಾಡಲ್ಲ’ ಎನ್ನುವವರು ಬಹಳ. ಜಿಪಿಎಸ್‌ಗೆ ಸಿಮ್ಮೂ ಬೇಡ, ಡೇಟಾವೂ ಬೇಡ. ನೆಟ್‌ವರ್ಕ್ ಬೇಕಾಗುವುದು ನಕ್ಷೆ ತರಲು, ಮತ್ತು ಉಪಗ್ರಹಗಳ ವಿಳಾಸವನ್ನು ಬೇಗ ತಿಳಿಯಲು. ಉಪಗ್ರಹ ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ತನ್ನ ಜಾತಕ ಓದುತ್ತದೆ. ಒಂದು ಸಲ ಕೇಳಿ ಮುಗಿಸಲು 30 ಸೆಕೆಂಡು ಬೇಕು. ಫೋನು ಅದನ್ನೇ ಟವರಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಆದ್ದರಿಂದ ಚಾರ್ಮಾಡಿ ಇಳಿಯುವ ಮೊದಲು, ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿನ್ನುವಾಗಲೇ, ಆ ಪ್ರದೇಶದ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಂಡರೆ ಸಾಕು.

ಇನ್ನು ‘ನಮ್ಮ ಕಾರಿನಲ್ಲಿ ದೇಸಿ ನಾವಿಕ್ ಇದೆ’ ಎಂಬ ಜಾಹೀರಾತು. ನಾವಿಕ್‌ ಬಗ್ಗೆ ನನಗೂ ಹೆಮ್ಮೆ, ಅದು ಜಿಪಿಎಸ್‌ನಂಥ ನಮ್ಮದೇ ವ್ಯವಸ್ಥೆ. ಅದರ ಉಪಗ್ರಹಗಳನ್ನು ಹಾಸನದಿಂದ ನೋಡಿಕೊಳ್ಳುತ್ತಾರೆ, ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರಿನ ಪಕ್ಕದ ಬ್ಯಾಲಾಳಿನಲ್ಲಿ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮವರೇ ಮಾಡಿದ ಪರಮಾಣು ಗಡಿಯಾರವಿದೆ. ನಮ್ಮ ನೆತ್ತಿಯ ಮೇಲೆ ಇನ್ನಷ್ಟು ಉಪಗ್ರಹಗಳು ಕಂಡರೆ ಘಾಟಿಯ ಕಣಿವೆಯಲ್ಲಿ ಅನುಕೂಲವೇ. ಆದರೆ ಕಾಂಕ್ರೀಟಿಗೆ ದೇಸಿ ವಿದೇಶಿ ಭೇದವಿಲ್ಲ. ಬೇಸ್‌ಮೆಂಟಿನಲ್ಲಿ ಎಲ್ಲವೂ ಮೂಕ. ಬರೀ ಈ ಹೆಸರಿಗಾಗಿ ಹೆಚ್ಚು ಹಣ ಕೊಡಬೇಡಿ.

ಹಾಗಾದರೆ ಯಾವುದು? ಕುರುಡನ ಹೆಗಲೇರಿ ಕುಂಟ ದಾರಿ ಹೇಳಿದ ಕತೆಯನ್ನು ನೀವೇ ಮಕ್ಕಳಿಗೆ ಹೇಳಿರುತ್ತೀರಿ. ಆಂಡ್ರಾಯ್ಡ್ ಆಟೊ, ಕಾರ್‌ಪ್ಲೇ ಎನ್ನುವವು ಹೆಚ್ಚುಕಡಿಮೆ ಅದೇ. ಫೋನಿನ ನಕ್ಷೆ ಕಾರಿನ ಪರದೆ ಏರುತ್ತದೆ. ಕಾರು ತಯಾರಕರು ಅವಕಾಶ ಕೊಟ್ಟಿದ್ದರೆ ಕಾರಿನ ಆಂಟೆನಾ, ಗಾಲಿಯ ಲೆಕ್ಕ, ಗೈರೋಸ್ಕೋಪಿನ ಮಾತು ಫೋನಿಗೆ ಹೋಗುತ್ತದೆ. ‘ಅವಕಾಶ ಕೊಟ್ಟಿದ್ದರೆ’ ಎಂಬುದಕ್ಕೆ ಅಡಿಗೆರೆ ಎಳೆಯಿರಿ. ಕೆಲವು ಕಾರುಗಳಲ್ಲಿ ಪರದೆ ಬರೀ ಕನ್ನಡಿ, ಕೆಲವು ‘ಇನ್‌ಬಿಲ್ಟ್’ಗಳಲ್ಲಂತೂ ಗಾಲಿಯ ತಂತಿಯೇ ಸೇರಿರುವುದಿಲ್ಲ. ಬರೀ ಒಂದು ಜಿಪಿಎಸ್ ಚಿಪ್ಪು, ಒಂದು ಮೆಮೊರಿ ಕಾರ್ಡು. ಅದಕ್ಕೆ ಕಾಲೂ ಇಲ್ಲ, ಸುದ್ದಿಯೂ ಇಲ್ಲ!

ಇದು ಕರಪತ್ರದಲ್ಲಿ ಬರೆದಿರುವುದಿಲ್ಲ, ಹುಡುಗನನ್ನು ಕೇಳಿದರೆ ‘ಎಲ್ಲಾ ಇದೆ ಸಾರ್’ ಎನ್ನುತ್ತಾನೆ. ಆದ್ದರಿಂದ ಟೆಸ್ಟ್ ಡ್ರೈವಿಗೆ ಕರೆದಾಗ ರಿಂಗ್ ರೋಡಿಗೆ ಹೋಗಬೇಡಿ. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದಾಗ ಕಾರನ್ನು ದೊಡ್ಡ ಕಟ್ಟಡವೊಂದರ ಬೇಸ್‌ಮೆಂಟಿಗೆ ಇಳಿಸಿ, ಎರಡು ಸುತ್ತು ಹಾಕಿಸಿ, ಪರದೆ ನೋಡಿ. ಕತ್ತಲಲ್ಲೂ ಬಾಣ ಕಾರಿನ ಜೊತೆಗೇ ಹೊರಳಿದರೆ ಅದಕ್ಕೆ ಕಾಲಿದೆ, ದುಡ್ಡಿಗೆ ಬೆಲೆಯಿದೆ. ಅಲ್ಲಾಡದೆ ಗೇಟಿನ ಹತ್ತಿರವೇ ನಿಂತಿದ್ದರೆ ಕೆಳಗಿನ ಮಾಡೆಲ್ ತಗೊಂಡು, ಉಳಿದ ದುಡ್ಡಿನಲ್ಲಿ ಒಳ್ಳೆಯ ಹೋಲ್ಡರ್ ಕೊಳ್ಳಿ.